ದೆರಾಮನ್ ಅಂಗಿಯ ಬಿಳಿ ಕಲೆ

"ಬೆಳ್ಳುಳ್ಳಿನೂ ಇದೆ ಅಂತೀಯಾ?"

"ನೀವೇ ಮೂಸಿ ನೋಡಿ ಕಾಕ್. ನಾನ್ಯಾಕೆ ಸುಳ್ಳು ಹೇಳ್ಲಿ."

ತೀಜಾ ಅಂಗಿಯ ಎದೆಭಾಗವನ್ನು ಮೂಗಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಉಸಿರನ್ನು ಹೊಟ್ಟೆಯವರೆಗೂ ಎಳೆದುಕೊಂಡಳು. ತೀಜಾ ಪಕ್ಕದ ಮನೆಯವಳು, ಕಲ್ಸೋಮ್‌ಗಿಂತ ನಾಲ್ಕು ವರ್ಷ ದೊಡ್ಡವಳು, ಹಾಗಾಗಿ ಕಾಕ್, ಅಂದರೆ ಅಕ್ಕ.

"ಹಾಲಿದೆ. ಬೆಳ್ಳುಳ್ಳಿ, ಹೌದು. ಇನ್ನೇನೋ ಇದೆ ಕಣೇ, ಒದ್ದೆ ಕಾಲುಚೀಲದ ಹಾಗೆ."

"ಅದು ಚೀಸು. ಸ್ಕೂಲ್ ಕ್ಯಾಂಟೀನಲ್ಲಿ ಟೀಚರ್‌ಗಳು ಬ್ರೆಡ್ಡಿಗೆ ಹಾಕ್ಕೊಳ್ತಿದ್ರು. ಅದು ಬಿಡಿ, ಏನಿಲ್ಲ ಅಂತ ಹೇಳಿ ನೋಡೋಣ."

"ಏನಿಲ್ಲ?"

"ಮೆಣಸಿನಕಾಯಿ ಇಲ್ಲ. ಒಂದು ಬೀಜದಷ್ಟೂ ಇಲ್ಲ."

ಇಬ್ಬರೂ ಅಂಗಿಯನ್ನು ನಡುವೆ ಹರಡಿಕೊಂಡು ಕುಳಿತರು. ತೆಲುಕ್ ಇಂತಾನ್ ಊರಿನ ನದಿದಂಡೆಯ ಆ ಕೇರಿಯಲ್ಲಿ ಮೆಣಸಿನಕಾಯಿ ಇಲ್ಲದ ಊಟ ಎಂದರೆ ಮೊಲೆ ಬಿಡದ ಕೂಸಿನದು, ಇಲ್ಲವೇ ನಾಳೆಯೋ ನಾಡಿದ್ದೋ ಎನ್ನುವವರದು. ಕಲ್ಸೋಮ್‌ಳ ಗಂಡ ದೆರಾಮನ್ ಎರಡೂ ಅಲ್ಲ. ಇಪೋ ನಗರಕ್ಕೆ ಹೋಗುವ ಬಸ್ಸನ್ನು ಜೀವಮಾನವೆಲ್ಲ ಓಡಿಸಿ ನಿವೃತ್ತನಾದ ಗಟ್ಟಿ ಮನುಷ್ಯ, ಬೆಳಿಗ್ಗೆ ಎದ್ದ ಕೂಡಲೇ ಹೆಂಡತಿಯ ಸಂಬಾಲ್‌ಗೆ ಕೈಚಾಚುವವನು. ಸಂಬಾಲ್ ಎಂದರೆ ಕೆಂಪು ಮೆಣಸಿನ ಗೊಜ್ಜು ಅಷ್ಟೇ, ಎಲ್ಲರ ಮನೆಯಲ್ಲೂ ಮಾಡುತ್ತಾರೆ, ಆದರೆ ಕಲ್ಸೋಮ್‌ಳ ಸಂಬಾಲ್ ಬೇರೆ. ಅವಳು ಅಡುಗೆ ಮಾಡುತ್ತಿದ್ದ ಶಾಲೆಯ ಕ್ಯಾಂಟೀನಿಗೆ, ಓದು ಮುಗಿಸಿ ಮೀಸೆ ಬಂದ ಹುಡುಗರೂ ಏನೋ ನೆಪ ಮಾಡಿಕೊಂಡು ಬಂದು ಆ ಗೊಜ್ಜಿನಲ್ಲಿ ಅನ್ನ ಕಲಸಿ ತಿಂದು ಕಣ್ಣು ಮೂಗು ಒರೆಸಿಕೊಂಡು ಹೋಗುತ್ತಿದ್ದರು.

"ಗುರುವಾರ ಹಾಕ್ಕೊಂಡಿದ್ದ ಅಂಗಿನಾ?" ತೀಜಾ ಕೇಳಿದಳು.

"ಗುರುವಾರದ್ದೇ. ಪ್ರತಿ ಗುರುವಾರ ನಮ್ಮ ಕೇರಿ ಮಸೀದಿ ಸುರಾವಲ್ಲಿ ಕುರಾನಿನ ಯಾಸೀನ್ ಓದೋಕೆ ಅಂತ ಸಂಜೆ ಅಸರ್ ನಮಾಜ್ ಆಗ್ತಿದ್ದ ಹಾಗೇ ಹೊರಡ್ತಾರೆ. ಓದು ಶುರುವಾಗೋದು ಸೂರ್ಯ ಮುಳುಗಿದ ಮೇಲೆ. ಬಂದು ಊಟ ಬೇಡ ಅಂತಾರೆ, ಅಲ್ಲೇ ಬಡಿಸಿದ್ರು ಅಂತಾರೆ. ಇಮಾಮರ ಹೆಂಡ್ತಿನ ಕೇಳ್ದೆ ನಾನು."

"ಏನಂದ್ಲು?"

"ಕಾಫಿ, ಬಿಸ್ಕತ್ತು. ಅಷ್ಟೇ ಅಂತೆ. ಈ ತಿಂಗಳೆಲ್ಲ ಬರೀ ಕಾಫಿ, ಬಿಸ್ಕತ್ತು."

ತೀಜಾ ಅಂಗಿಯನ್ನು ಮೆಲ್ಲಗೆ ಮಡಿಸಿ ಕಲ್ಸೋಮ್‌ಳ ತೊಡೆಯ ಮೇಲಿಟ್ಟಳು, ತೀರಿಕೊಂಡವರ ಬಟ್ಟೆ ಕೊಡುವ ಹಾಗೆ.

ಕಲ್ಸೋಮ್ ಅನುಮಾನದ ಹೆಂಗಸು ಎಂದು ಯಾರಾದರೂ ಹೇಳಿದರೆ ಕೇರಿಯವರು ನಗುತ್ತಾರೆ, ಏಕೆಂದರೆ ಅದು ನದಿ ಒದ್ದೆಯಾಗಿದೆ ಎಂದ ಹಾಗೆ. ಮೀನಿನವನು ಕಿವಿರು ಎತ್ತಿ ತೋರಿಸಿದರೆ ಅವಳು ಅವನ ಕೈಬೆರಳು ನೋಡುತ್ತಾಳೆ, ಬಣ್ಣವೇನಾದರೂ ಅಂಟಿದೆಯೇ ಎಂದು. ಗ್ಯಾಸ್ ಸಿಲಿಂಡರ್ ಬಂದರೆ ತಬ್ಬಿಕೊಂಡು ಅಲ್ಲಾಡಿಸುತ್ತಾಳೆ. ಟೀವಿಯಲ್ಲಿ ನಾಳೆ ಬಿಸಿಲು ಎಂದರೆ ಇವತ್ತೇ ಬಟ್ಟೆ ಒಳಗೆ ತರುತ್ತಾಳೆ. ಮದುವೆಗೆ ಮೊದಲು, ಅಮ್ಮ ಕಟ್ಟಿಕೊಟ್ಟ ಅನ್ನದ ಪೊಟ್ಟಣಗಳ ಬುಟ್ಟಿ ಹೊತ್ತು ದೆರಾಮನ್‌ನ ಬಸ್ಸು ಹತ್ತುತ್ತಿದ್ದ ಕಾಲದಲ್ಲಿ, ಈ ಡ್ರೈವರು ಬೇಕೆಂದೇ ಬ್ರೇಕ್ ಹಾಕುತ್ತಾನೆ, ತಾನು ಮುಂದಕ್ಕೆ ಮುಗ್ಗರಿಸಲಿ ಎಂದೇ ಹಾಕುತ್ತಾನೆ ಎಂದು ಅವಳಿಗೆ ಬಲವಾದ ಅನುಮಾನವಿತ್ತು. ಆ ಒಂದು ಅನುಮಾನ ಮಾತ್ರ ನಿಜವಾಗಿತ್ತು. ಮೊದಲ ರಾತ್ರಿ ಅವನೇ ಒಪ್ಪಿಕೊಂಡ.

ಮಕ್ಕಳಾಗಲಿಲ್ಲ. ಒಂದು ವರ್ಷ, ರಂಜಾನ್ ಉಪವಾಸ ಮುಗಿದ ರಾಯ ಹಬ್ಬದ ದಿನ, ನೆಂಟರೆಲ್ಲ ಚಾಪೆಯ ಮೇಲೆ ಸಾಲಾಗಿ ಊಟಕ್ಕೆ ಕುಳಿತಿದ್ದಾಗ, ದೆರಾಮನ್‌ನ ತಾಯಿ ಎಲ್ಲರ ಮುಂದೆಯೇ ಇನ್ನೊಂದು ಮದುವೆಯ ಮಾತೆತ್ತಿದಳು. ಧರ್ಮ ಬೇಡ ಎನ್ನುವುದಿಲ್ಲ, ಹೆಣ್ಣೂ ನೋಡಿ ಇಟ್ಟಿದ್ದೇನೆ ಎಂದಳು. ಕಲ್ಸೋಮ್ ಬಡಿಸುತ್ತಿದ್ದ ಸೌಟು ಗಾಳಿಯಲ್ಲೇ ನಿಂತಿತು. ದೆರಾಮನ್ ತಲೆ ಎತ್ತಲಿಲ್ಲ, ಬಟ್ಟಲಿನ ಸಂಬಾಲ್ ಅಷ್ಟನ್ನೂ ಅನ್ನಕ್ಕೆ ಸುರಿದುಕೊಂಡು, "ಅಮ್ಮಾ, ಈ ಗೊಜ್ಜು ಸಿಗೋ ಮನೆ ನಂಗೆ ಸಾಕು," ಎಂದ. ಅಷ್ಟೇ. ಮತ್ತೆ ಆ ಮಾತು ಯಾರೂ ಎತ್ತಲಿಲ್ಲ. ಕಲ್ಸೋಮ್ ಆ ಒಂದು ವಾಕ್ಯದ ಮೇಲೆ ಮನೆ ಕಟ್ಟಿಕೊಂಡು ಬದುಕಿದ್ದಳು. ಅವನನ್ನು ಮನೆಯಲ್ಲಿ ಹಿಡಿದಿಟ್ಟಿರುವುದು ತನ್ನ ರೂಪವಲ್ಲ, ಮಕ್ಕಳಲ್ಲ, ಮಾತಂತೂ ಅಲ್ಲವೇ ಅಲ್ಲ, ಒರಳಲ್ಲಿ ಕುಟ್ಟಿದ ಕೆಂಪು ಮೆಣಸು ಎಂದು ನಂಬಿದ್ದಳು. ಈಗ ಎಲ್ಲಿಯೋ, ಯಾರೋ, ಅದೇ ಗಂಡಸಿಗೆ ಮೆಣಸೇ ಇಲ್ಲದ ಬಿಳಿ ಅಡುಗೆ ಉಣಿಸುತ್ತಿದ್ದಾರೆ, ಅವನು ಅಂಗಿಯ ಮೇಲೆ ಚೆಲ್ಲಿಕೊಳ್ಳುವಷ್ಟು ಆಸೆಯಿಂದ ಉಣ್ಣುತ್ತಿದ್ದಾನೆ. ಸವತಿ ಎಂಬ ಪದ ತೀಜಾ ಆಡಲಿಲ್ಲ, ಕಲ್ಸೋಮ್‌ಳೂ ಆಡಲಿಲ್ಲ, ಆದರೆ ಅದು ಬಂದು ಅಡುಗೆಮನೆಯ ಮೂಲೆಯಲ್ಲಿ ಕುಳಿತಿತ್ತು.

ಮುಂದಿನ ಗುರುವಾರ ದೆರಾಮನ್ ಹೊರಟ ಹಿಂದೆಯೇ ಇಬ್ಬರೂ ತೀಜಾಳ ಸ್ಕೂಟರ್ ಹತ್ತಿದರು. ತೀಜಾ ದಪ್ಪ, ಸ್ಕೂಟರ್ ಸಣ್ಣದು. ಹಿಂದೆ ಕಲ್ಸೋಮ್‌ಗೆ ಉಳಿದದ್ದು ಅಂಗೈಯಗಲ ಜಾಗ. ಗುರುತು ಸಿಗಬಾರದೆಂದು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡಿದ್ದರು, ಆದರೆ ದಾರಿಯಲ್ಲಿ ಸಿಕ್ಕವರೆಲ್ಲ, "ಎಲ್ಲಿಗೆ ಹೊರಟ್ರಿ ಮಾಕ್ ಚಿಕ್?" ಎಂದು ಕೇಳುತ್ತಲೇ ಇದ್ದರು. ಮಾಕ್ ಚಿಕ್ ಎಂದರೆ ಚಿಕ್ಕಮ್ಮ.

"ಸುಮ್ನೆ ಇರು, ಉತ್ತರ ಕೊಡ್ಬೇಡ," ತೀಜಾ ಹಲ್ಲು ಕಚ್ಚಿ ಹೇಳಿದಳು.

"ಉತ್ತರ ಕೊಡದಿದ್ರೆ ಅನುಮಾನ ಪಡ್ತಾರೆ."

"ಎಲ್ರೂ ನಿನ್ನ ಹಾಗೆ ಅಂದ್ಕೊಂಡ್ಯಾ?"

ನದಿಯ ಪಕ್ಕದ ಮೈದಾನದ ಅಂಚಿನಲ್ಲಿ ಹಳದಿ ಬಣ್ಣದ ಒಂದು ಟ್ರಕ್ ನಿಂತಿತ್ತು, ಪಕ್ಕದ ಬಾಗಿಲು ಮೇಲಕ್ಕೆ ತೆರೆದುಕೊಂಡು ಚಪ್ಪರವಾಗಿತ್ತು. 'ಪಾಸ್ತಾ ಕಾಕ್ ಸು' ಎಂದು ದೊಡ್ಡದಾಗಿ ಬರೆದು, ಕೆಳಗೆ ತಟ್ಟೆಗಳ ಫೋಟೋ. ಬಿಳಿಯದು, ಕೆಂಪಿನದು, ಎಣ್ಣೆ ಬೆಳ್ಳುಳ್ಳಿಯದು. ಯಾವುದು ತಗೊಂಡರೂ ಏಳು ರಿಂಗಿಟ್. ಕಾಲೇಜು ಹುಡುಗಿಯರು, ಕಚೇರಿಯಿಂದ ನೇರ ಬಂದ ಗುಮಾಸ್ತರು, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡ ತಾಯಂದಿರು, ಎಲ್ಲರೂ ಸಾಲಿನಲ್ಲಿ. ಮಕ್ಕಳ ಜಾರುಬಂಡೆಯ ಹಿಂದೆ ಇಬ್ಬರು ಮುದುಕಿಯರು ಹೆಲ್ಮೆಟ್ ಸಮೇತ ಕುಳಿತರು.

"ಕೋಳಿ, ಅಣಬೆ, ಹಾಲು, ಚೀಸು, ಏಳು ರಿಂಗಿಟ್ಟಿಗೆ," ಕಲ್ಸೋಮ್ ಪಿಸುಗುಟ್ಟಿದಳು. "ಹೇಗೆ ಬರತ್ತೆ ಕಾಕ್? ನಾನು ಇಡೀ ಸ್ಕೂಲಿಗೆ ಅಡುಗೆ ಮಾಡ್ದೋಳು, ನಂಗೊತ್ತಿಲ್ವಾ. ಹಲಾಲ್ ಚೀಟಿ ನೋಡಿ, ಸೊಟ್ಟಗೆ ಅಂಟಿಸಿದಾಳೆ."

"ಚೀಟಿ ಬಿಡು, ನಿನ್ನ ಗಂಡನ್ನ ನೋಡು."

ದೆರಾಮನ್ ಕೊನೆಯ ಪ್ಲಾಸ್ಟಿಕ್ ಮೇಜಿನಲ್ಲಿ ಒಬ್ಬನೇ ಕುಳಿತಿದ್ದ. ಸಾಲಿನಲ್ಲಿ ನಿಲ್ಲಲಿಲ್ಲ, ಏನೂ ಕೇಳಲಿಲ್ಲ. ಆದರೂ ಟ್ರಕ್ಕಿನ ಹೆಂಗಸು, ಕುಳ್ಳಗೆ, ದುಂಡಗೆ, ತಲೆವಸ್ತ್ರದ ಮೇಲೊಂದು ಕ್ಯಾಪ್ ಸಿಕ್ಕಿಸಿಕೊಂಡವಳು, ತಾನೇ ಇಳಿದು ಬಂದು ಹೊಗೆಯಾಡುವ ತಟ್ಟೆಯನ್ನು ಅವನ ಮುಂದಿಟ್ಟಳು. ಏನೋ ಹೇಳಿ ನಕ್ಕಳು. ಅವನೂ ನಕ್ಕ. ಆಮೇಲೆ ಅವನು, ಅನ್ನವಲ್ಲದೆ ಬೇರೆ ಊಟವನ್ನು ಊಟ ಎಂದು ಕರೆಯದವನು, ಫೋರ್ಕ್ ಹಿಡಿದು, ಉದ್ದುದ್ದ ಎಳೆಗಳನ್ನು ಕೈಕೂಸಿಗೆ ಉಣಿಸುವಂಥ ತಾಳ್ಮೆಯಿಂದ ಸುತ್ತಿ ಸುತ್ತಿ ಬಾಯಿಗಿಟ್ಟುಕೊಳ್ಳತೊಡಗಿದ. ಕೊನೆಗೆ ತಟ್ಟೆಯನ್ನು ಓರೆ ಮಾಡಿ ಚಮಚದಿಂದ ಬಳಿದ. ಮನೆಯಲ್ಲಿ ಈಗೀಗ ತಟ್ಟೆಯಲ್ಲಿ ಅರ್ಧ ಬಿಡುವ ಮನುಷ್ಯ.

"ಕೇಳ್ದೇನೇ ತಂದಿಟ್ಲು," ಕಲ್ಸೋಮ್ ಎಂದಳು. ಅವಳ ದನಿ ಬದಲಾಗಿತ್ತು.

"ಗಂಡ ಬಿಟ್ಟೋಳಂತೆ," ತೀಜಾ ಎಂದಳು.

"ಯಾರು ಹೇಳಿದ್ರು?"

"ನೋಡಿದ್ರೆ ಗೊತ್ತಾಗಲ್ವಾ, ಒಬ್ಳೇ ದುಡಿತಿದಾಳೆ. ಆದ್ರೆ ಅದಲ್ಲ ಕಣೇ ವಿಷ್ಯ. ಇಷ್ಟು ಜನ ಯಾಕೆ ಸೇರ್ತಾರೆ ಹೇಳು."

ಅದು ಕಲ್ಸೋಮ್‌ಗೂ ಗೊತ್ತಿತ್ತು, ಆ ಕೇರಿಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ವ್ಯಾಪಾರ ಕುದುರಲಿ ಎಂದು ಕೆಲವರು ಮಂತ್ರ ಹಾಕಿಸುತ್ತಾರೆ. ಕಣ್ಣಿಗೆ ಕಾಣದ್ದೊಂದು ಒಲೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹೋಗುವ ತಟ್ಟೆ ತಟ್ಟೆಗೂ ಉಗುಳುತ್ತದೆ, ತಿಂದವರು ಮತ್ತೆ ಮತ್ತೆ ಬರುತ್ತಾರೆ. ಪತ್ತೆ ಹಚ್ಚುವುದಕ್ಕೆ ಒಂದೇ ದಾರಿ. ಅಲ್ಲಿ ತಿನ್ನದೆ ಕಟ್ಟಿಸಿಕೊಂಡು ಮನೆಗೆ ತರಬೇಕು. ಅದು ಒಲೆ ಬಿಟ್ಟು ಗಿರಾಕಿಯ ಮನೆಯವರೆಗೆ ನಡೆದು ಬರುವುದಿಲ್ಲ. ಹಾಗಾಗಿ ಮಂತ್ರದ ಅಡುಗೆ ಮನೆಗೆ ಬರುವಷ್ಟರಲ್ಲಿ ಸತ್ತು ಸಪ್ಪೆಯಾಗಿರುತ್ತದೆ.

ದೆರಾಮನ್ ಎದ್ದು ಹೋದ ಮೇಲೆ ತೀಜಾ ಸಾಲಿನಲ್ಲಿ ನಿಂತು ಬಿಳಿಯದೊಂದು ಕಟ್ಟಿಸಿಕೊಂಡು ಬಂದಳು. ಡಬ್ಬಿಯನ್ನು ಸ್ಕೂಟರಿನ ಕೊಕ್ಕೆಗೆ ತೂಗುಹಾಕಿ, ಬರುವ ದಾರಿಯಲ್ಲಿ ಕೊಬ್ಬರಿ ಎಣ್ಣೆ ತಗೊಂಡು, ತಂಗಿಯ ಮನೆಯಲ್ಲಿ ಇಳಿದು ಇಷ್ಟು ಮಾತಾಡಿ, ಕೊನೆಗೂ ಕಲ್ಸೋಮ್‌ಳ ಅಡುಗೆಮನೆಗೆ ಬಂದು ಮುಚ್ಚಳ ತೆಗೆದಾಗ ಒಳಗಿದ್ದದ್ದು ಗೋಡೆಗೆ ಪೋಸ್ಟರ್ ಅಂಟಿಸುವ ಅಂಟಿನ ಹಾಗಿತ್ತು. ಫೋರ್ಕ್ ಚುಚ್ಚಿ ಎತ್ತಿದರೆ ಡಬ್ಬಿಯ ಆಕಾರದಲ್ಲೇ ಇಡಿಯಾಗಿ ಎದ್ದು ಬಂತು.

ಕಲ್ಸೋಮ್ ನಾಲಿಗೆಯ ತುದಿಗಿಟ್ಟುಕೊಂಡಳು. ಘಮವಿಲ್ಲ, ರುಚಿಯಿಲ್ಲ, ತಣ್ಣಗಿನ ಹಿಟ್ಟು.

"ಸಪ್ಪೆ," ಎಂದಳು.

"ನಾನೇನಂದೆ," ಎಂದಳು ತೀಜಾ, ತುಂಬ ಸಮಾಧಾನದಿಂದ.

ಸಾವಿರ ಮಕ್ಕಳಿಗೆ ನೂಡಲ್ಸ್ ಬೇಯಿಸಿ ಹಾಕಿದ ಕೈ ಅದು. ಎಂಥ ಹಿಟ್ಟಿನ ಎಳೆಯೂ ಆರಿದರೆ ಗಟ್ಟಿಯಾಗುತ್ತದೆ ಎಂದು ಬೇರೆ ಯಾವ ದಿನವಾದರೂ ಅವಳೇ ಹೇಳುತ್ತಿದ್ದಳು. ಆದರೆ ಮನಸ್ಸು ಒಂದು ಕಡೆ ವಾಲಿದ ಮೇಲೆ ಕಣ್ಣೆದುರಿನ ಒಲೆಯೂ ಕಾಣಿಸುವುದಿಲ್ಲ. ಗಂಡನ ನಾಲಿಗೆಯನ್ನು ಕಟ್ಟಿಹಾಕಿದ್ದಾರೆ, ಅದಕ್ಕೇ ಅವನು ಮನೆಯ ಊಟದಲ್ಲಿ ಅರ್ಧ ಬಿಡುತ್ತಿದ್ದಾನೆ, ಕಟ್ಟಿದ ನಾಲಿಗೆಯನ್ನು ಬಿಡಿಸಬೇಕಾದರೆ ಅದಕ್ಕಿಂತ ಗಟ್ಟಿಯಾದದ್ದೊಂದು ಬೇಕು ಎಂದು ಲೆಕ್ಕ ಹಾಕಿದಳು. ಅವಳ ಹತ್ತಿರ ಗಟ್ಟಿಯಾದದ್ದು ಎಂದರೆ ಒಂದೇ.

ಶುಕ್ರವಾರ ಅವಳು ಹುಳಿ ಬರಿಸಿದ ದುರಿಯನ್ ಹಣ್ಣಿನ ಸಾರಿನಲ್ಲಿ ನದಿಯ ಮೀನು ಬೇಯಿಸಿದಳು. ಅದಕ್ಕೆ ಸೂಜಿಮೆಣಸು ಒಂದು ಹಿಡಿ ಹಾಕುವ ಕಡೆ ಎರಡು ಹಿಡಿ. ಪಕ್ಕದಲ್ಲಿ ಸಂಬಾಲ್ ಬೇರೆ. ದೆರಾಮನ್ ತಟ್ಟೆ ನೋಡಿದ, ಹೆಂಡತಿಯ ಮುಖ ನೋಡಿದ.

"ಏನು ವಿಶೇಷ ಸೋಮ್?"

"ವಿಶೇಷ ಯಾಕೆ ಬೇಕು ಬಾಂಗ್, ಗಂಡಂಗೆ ಅಡುಗೆ ಮಾಡೋಕೆ. ತಿನ್ನಿ."

ತಿಂದ. ಅವನ ಕಿವಿ ಕೆಂಪಾಯಿತು, ಹಣೆಯಿಂದ ಬೆವರು ಮೂಗಿನ ಮೇಲೆ ಇಳಿಯಿತು. ಅವಳು ಕಣ್ಣು ಕದಲಿಸದೆ ನೋಡುತ್ತಿದ್ದಳು.

"ಇನ್ನೊಂದು ಸೌಟು?"

"ಹೂಂ," ಎಂದ.

ಮಧ್ಯಾಹ್ನ ಅವನು ಮೆಟ್ಟಿಲ ಮೇಲೆ ಹೊಟ್ಟೆಯನ್ನು ಮೊಣಕಾಲಿಗೆ ಒತ್ತಿ ಕುಳಿತಿದ್ದ. ಗಾಳಿ ಸೇರಿದೆ ಎಂದ. ಅವಳು ಎಣ್ಣೆ ತಂದು ಹೊಟ್ಟೆಗೆ ಉಜ್ಜಿದಳು, ಹೊಟ್ಟೆ ಹಲಗೆಯ ಹಾಗಿತ್ತು. ಬೇಲಿಯಾಚೆಯಿಂದ ತೀಜಾ ಎಲ್ಲ ನೋಡಿ ಕಣ್ಸನ್ನೆ ಮಾಡಿ ಕರೆದಳು.

"ಒದ್ದಾಡ್ತಿದೆ ಅಂದ್ರೆ ಬಿಡ್ತಿದೆ ಅಂತ ಅರ್ಥ. ಈಗ ನಿಲ್ಲಿಸ್ಬೇಡ."

ಕಲ್ಸೋಮ್ ನಿಲ್ಲಿಸಲಿಲ್ಲ. ಶನಿವಾರ ಕೋಳಿ, ಭಾನುವಾರ ಒಣಮೀನು, ಅದರ ಮಾರನೆಯ ದಿನ ಮತ್ತೆ ಮೀನು, ಎಲ್ಲಕ್ಕೂ ಮೆಣಸು ಮುಂದೆ, ಉಳಿದದ್ದು ಹಿಂದೆ. ಅವನು ಪ್ರತಿ ಸಲವೂ ಚೆನ್ನಾಗಿದೆ ಎಂದ, ಪ್ರತಿ ಸಲವೂ ಮೆಟ್ಟಿಲ ಮೇಲೆ ಹೋಗಿ ಮಡಚಿಕೊಂಡ. ಆ ವಾರದ ಕೊನೆಗೆ ಅವನ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಆದರೂ ಗುರುವಾರ ಬಂದಾಗ ಟೊಪ್ಪಿಗೆ ಹುಡುಕತೊಡಗಿದ.

ಇಷ್ಟು ಹೊಟ್ಟೆನೋವಿನಲ್ಲೂ ಹೊರಡುತ್ತಾನಲ್ಲ ಎಂದು ಕಲ್ಸೋಮ್ ಕೈಯಲ್ಲಿದ್ದ ಸೌಟನ್ನು ಕೆಳಗೆಸೆದಳು. ಅವನು ಮುಖ ತೊಳೆಯುತ್ತಿದ್ದಾಗಲೇ ಅವಳು ಹಿಂಬಾಗಿಲಿಂದ ಹೊರಬಿದ್ದು, ತೀಜಾಳಿಗೂ ಹೇಳದೆ, ಸಿಕ್ಕ ಬಾಡಿಗೆ ಕಾರು ಹತ್ತಿ ಮೈದಾನಕ್ಕೆ ಬಂದಿಳಿದಳು. ಈ ಸಲ ಹೆಲ್ಮೆಟ್ ಇಲ್ಲ, ಜಾರುಬಂಡೆ ಇಲ್ಲ. ನೇರ ಟ್ರಕ್ಕಿನ ಮುಂದೆ ನಿಂತಳು. ಗಿರಾಕಿಗಳು ಇನ್ನೂ ಬಂದಿರಲಿಲ್ಲ, ಹೆಂಗಸು ಈರುಳ್ಳಿ ಹೆಚ್ಚುತ್ತಿದ್ದಳು.

"ಇದ್ರಲ್ಲಿ ಏನೇನು ಹಾಕ್ತೀಯ?" ಕಲ್ಸೋಮ್ ಬಿಳಿ ತಟ್ಟೆಯ ಫೋಟೋದ ಮೇಲೆ ಬೆರಳಿಟ್ಟಳು.

"ಕೋಳಿ, ಅಣಬೆ, ಬೆಳ್ಳುಳ್ಳಿ, ಹಾಲು, ಚೀಸು, ಮಾಕ್ ಚಿಕ್. ಒಂದು ಕೊಡ್ಲಾ?"

"ಇನ್ನೇನು?"

"ಅಷ್ಟೇ."

"ನೀಲಿ ಅಂಗಿ, ಬಿಳಿ ಟೊಪ್ಪಿಗೆಯ ಮುದುಕರೊಬ್ರು ಬರ್ತಾರಲ್ಲ. ಅವ್ರ ತಟ್ಟೆಗೆ ಬೇರೆ ಏನು ಹಾಕ್ತೀಯ?"

"ಪಾಕ್ ಮಾನ್ ಅವ್ರಾ?" ದೆರಾಮನ್‌ನ ಹೆಸರನ್ನು ಮೊಟಕು ಮಾಡಿ ಕರೆದ ಹೆಂಗಸಿನ ಮುಖ ಅರಳಿತು. "ಅವ್ರಿಗೆ ಬೇರೆ ಬಾಣಲೇನೇ ಇಟ್ಟಿದೀನಿ ಮಾಕ್ ಚಿಕ್. ನೋಡಿ, ಆ ಮೂಲೇಲಿರೋದು. ಬೇರೆ ಯಾರ್ದೂ ಅದ್ರಲ್ಲಿ ಮಾಡಲ್ಲ."

ಕಲ್ಸೋಮ್ ಮೂಲೆಯ ಬಾಣಲೆಯ ಕಡೆ ಕತ್ತು ಚಾಚಿದಳು. ಇದೋ, ಬಾಯಿಬಿಟ್ಟೇ ಹೇಳುತ್ತಿದ್ದಾಳೆ, ನಾಚಿಕೆಯೂ ಇಲ್ಲ.

"ಯಾಕೆ ಬೇರೆ?"

"ಮೆಣಸಿನಕಾಯಿ ಸೋಕಿದ ಬಾಣಲೆ ಆಗಲ್ಲ ಅವ್ರಿಗೆ. ಹೊಟ್ಟೇಲಿ ಹುಣ್ಣು. ಬಂದ ಮೊದಲ್ನೇ ದಿನ ಕೆಂಪಿಂದು ಕೇಳಿ ತಗೊಂಡು ಅರ್ಧ ತಿನ್ನೋಷ್ಟ್ರಲ್ಲಿ ಮೇಜಿನ ಮೇಲೇ ಬಗ್ಗಿಬಿಟ್ರು. ನಂಗೆ ಜೀವ ಹೋದ ಹಾಗಾಯ್ತು, ಜನ ಏನಂದ್ಕೊಂಡಾರು, ನನ್ನ ಅಡುಗೆ ತಿಂದು ಬಿದ್ರು ಅಂತಲ್ವಾ. ಇಲ್ಲಮ್ಮ, ನಿಂದೇನೂ ತಪ್ಪಿಲ್ಲ ಅಂತ ಮಾತ್ರೆ ತೋರಿಸಿದ್ರು. ಆಮೇಲಿಂದ ಅವ್ರಿಗೆ ಬಿಳೀದು, ಬೇರೆ ಬಾಣಲೇಲಿ."

"ಮನೇಲಿ ಅವ್ರಿಗೆ ಹೆಂಡ್ತಿ ಇಲ್ವಾ?"

"ಇದಾರೆ. ದೊಡ್ಡ ಅಡುಗೆಯವ್ರಂತೆ. ಅದೇ ಕಷ್ಟ." ಈರುಳ್ಳಿಯ ಘಾಟಿಗೆ ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು. "ಅವ್ರ ಸಂಬಾಲ್ ತಿನ್ನೋಕೆ ಊರೇ ಬರ್ತಿತ್ತಂತೆ. ಈಗ ಕ್ಯಾಂಟೀನೂ ಇಲ್ಲ, ತಿನ್ನೋಕೆ ಇರೋದು ಇವ್ರೊಬ್ರೇ. ನಾನೂ ಬೇಡ ಅಂದ್ರೆ ಅವ್ಳು ಯಾರಿಗೋಸ್ಕರ ಒಲೆ ಹಚ್ತಾಳಮ್ಮ ಅಂತಾರೆ. ವಾರದಲ್ಲಿ ಒಂದು ದಿನವಾದ್ರೂ ಹೊಟ್ಟೆಗೆ ತಂಪಾಗಿ ಹೋಗ್ಲಿ ಅಂತ ಇಲ್ಲಿಗೆ ಬರ್ತಾರೆ. ಹೀಗೇ ಆದ್ರೆ ರಕ್ತ ಬೀಳತ್ತೆ ಅಂತ ಡಾಕ್ಟ್ರು ಹೇಳಿದಾರಂತೆ. ಆ ಹೆಂಡ್ತಿಗಾದ್ರೂ ಒಂಚೂರು ಅನುಮಾನ ಬರ್ಬಾರ್ದಾ, ಹೇಳಿ ಮಾಕ್ ಚಿಕ್."

ಕಲ್ಸೋಮ್ ಹತ್ತಿರವಿದ್ದ ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಜಗತ್ತಿನಲ್ಲಿರುವ ಎಲ್ಲದರ ಮೇಲೂ ಅನುಮಾನಪಟ್ಟಿದ್ದ ಅವಳಿಗೆ ತನ್ನ ಸೌಟಿನ ಮೇಲೆ ಮಾತ್ರ ಬಂದಿರಲಿಲ್ಲ. ಶುಕ್ರವಾರದ ಮೀನು, ಶನಿವಾರದ ಕೋಳಿ, ಇನ್ನೊಂದು ಸೌಟು ಎಂದು ತಾನೇ ಕೇಳಿದ್ದು, ಅವನು ಹೂಂ ಎಂದದ್ದು. ಬೆಳಿಗ್ಗೆ ಕುಟ್ಟಿದ ಮೆಣಸು ಉಗುರ ಸಂದಿಯಲ್ಲಿ ಇನ್ನೂ ಉರಿಯುತ್ತಿತ್ತು.

ಕೇಳಬೇಕೆಂದೇನಲ್ಲ, ಅಭ್ಯಾಸಬಲದಿಂದ ಕೇಳಿದಳು.

"ಆ ಕಾಲು ಯಾರ್ದು?"

ಟ್ರಕ್ಕಿನ ಮುಂದಿನ ಕಿಟಕಿಯಿಂದ ಎರಡು ಪಾದ ಹೊರಗೆ ಚಾಚಿಕೊಂಡಿದ್ದವು.

"ನಮ್ಮನೆಯವ್ರದು. ಗಾಡಿ ಓಡಿಸೋದೊಂದೇ ಅವ್ರ ಕೆಲ್ಸ. ತಂದು ನಿಲ್ಸಿದ್ರೆ ಮುಗೀತು, ನಿದ್ದೆ."

"ಗಂಡ ಇದಾನಾ?"

"ಇದಾರೆ ಅಂತಲೇ ಲೆಕ್ಕ," ಎಂದಳು ಸು.

ದೆರಾಮನ್ ಬಂದ. ಮೈದಾನದ ಅರ್ಧ ದಾಟಿದವನು ಹೆಂಡತಿಯನ್ನು ಕಂಡು ನಿಂತುಬಿಟ್ಟ, ಹಿಂದಕ್ಕೆ ತಿರುಗಬೇಕೋ ಮುಂದಕ್ಕೆ ಬರಬೇಕೋ ತಿಳಿಯದೆ ಟೊಪ್ಪಿಗೆಯನ್ನು ಸರಿಮಾಡಿಕೊಂಡ.

"ಬನ್ನಿ ಬನ್ನಿ," ಎಂದಳು ಕಲ್ಸೋಮ್. "ಸುರಾವ್ ಇಲ್ಲಿಗೆ ಬಂತಾ? ಗೊತ್ತಾಗ್ಲೇ ಇಲ್ಲ ನಂಗೆ."

"ಸೋಮ್..."

"ಕೂತ್ಕೊಳ್ಳಿ. ಹೊಟ್ಟೇಲಿ ಹುಣ್ಣಂತೆ."

ಅವನು ಸುವಿನ ಕಡೆ ನೋಡಿದ. ಸು ಈರುಳ್ಳಿ ಹೆಚ್ಚುವ ಕೈ ನಿಲ್ಲಿಸಿ ಇಬ್ಬರನ್ನೂ ನೋಡಿ ಬಾಯಿಗೆ ಅಂಗೈ ಇಟ್ಟುಕೊಂಡಳು.

"ಅವಳನ್ಯಾಕೆ ನೋಡ್ತೀರಿ ಬಾಂಗ್? ಹುಣ್ಣಿರೋದು ಅವ್ಳ ಹೊಟ್ಟೇಲಲ್ಲ. ಯಾವಾಗಿಂದ?"

"ಈ ಸಲದ ರಾಯ ಹಬ್ಬ ಆದ್ಮೇಲಿಂದ."

"ನಾನು ಹಾಕ್ತಾನೇ ಇದ್ದೆ. ನೀವು ತಿಂತಾನೇ ಇದ್ರಿ. ಇನ್ನೊಂದು ಸೌಟು ಅಂದ್ರೆ ಹೂಂ ಅಂದ್ರಿ."

"ನೀನು ಕೇಳ್ದೆ, ಅದಕ್ಕೆ."

"ವಿಷ ಬೇಕಾ ಅಂತ ಕೇಳಿದ್ರೂ ಹೂಂ ಅಂತಿದ್ರಾ?"

"ನೀನು ಮಾಡಿದ್ರೆ ರುಚಿಯಾಗೇ ಇರ್ತಿತ್ತು."

ಅವಳಿಗೆ ನಗು ಬರಲಿಲ್ಲ. ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ನದಿಯ ಕಡೆ ಮುಖ ಮಾಡಿ ಹೇಳಿದಳು, "ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಖಾರ ಬಿಟ್ರೆ ನನ್ನ ಕೈಯಲ್ಲಿ ಇನ್ನೇನಿದೆ? ಅದೇ ಬೇಡ ಅಂದ್ಮೇಲೆ ಮನೆಗೆ ಯಾಕೆ ಬರ್ತೀರಿ ನೀವು?"

ದೆರಾಮನ್ ಕುರ್ಚಿ ಎಳೆದು ನಿಧಾನವಾಗಿ ಕುಳಿತ. ಅವನು ಬಸ್ಸಿನ ಮನುಷ್ಯ, ತಿರುವು ಬಂದರೆ ನಿಧಾನ ಮಾಡುವುದು ರೂಢಿ.

"ಎಲ್ಲಿಗೆ ಹೋಗಿದ್ರಿ, ಯಾಕೆ ಲೇಟು, ಆ ಕಲೆ ಏನು, ಯಾರ ಜೊತೆ ಮಾತು ಅಂತ ಕೇಳ್ತೀಯಲ್ಲ. ಇಷ್ಟು ವರ್ಷ ಊರೂರು ಸುತ್ತಿದೀನಿ ಸೋಮ್, ಯಾವ ನಿಲ್ದಾಣದಲ್ಲೂ ಯಾರೂ ಕೇಳ್ಲಿಲ್ಲ. ಏನೂ ಕೇಳದ ಮನೆಗೆ ಹೋಗಿ ನಾನೇನ್ ಮಾಡ್ಲಿ."

ಕಲ್ಸೋಮ್ ಅವನನ್ನು ಓರೆಗಣ್ಣಿನಿಂದ ನೋಡಿದಳು. ಈ ಮಾತನ್ನು ಅವನು ಮೊದಲೇ ಕಟ್ಟಿ ಇಟ್ಟುಕೊಂಡಿದ್ದನೋ, ಈಗ ಹೊಳೆಯಿತೋ ಎಂದು ಅವಳಿಗೆ ಅನುಮಾನ. ಆದರೆ ತಲೆವಸ್ತ್ರದ ಅಂಚು ಬಿಟ್ಟಳು.

ಸು ಸದ್ದಿಲ್ಲದೆ ಎರಡು ತಟ್ಟೆ ತಂದಿಟ್ಟಳು, ಎರಡೂ ಮೂಲೆಯ ಬಾಣಲೆಯಿಂದ. ಬಿಸಿ ಬಿಸಿ, ಎಳೆಗಳ ಮೇಲೆ ಬಿಳಿಯದು ಹೊಳೆಯುತ್ತ ಜಾರುತ್ತಿತ್ತು. ಕಲ್ಸೋಮ್ ಬಗ್ಗಿ ಮೂಸಿದಳು, ಫೋರ್ಕಿನಿಂದ ಎಳೆಗಳನ್ನು ಸರಿಸಿ ಅಡಿಯಲ್ಲಿ ಏನಿದೆ ಎಂದು ನೋಡಿದಳು, ಅಣಬೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ತಿಂದಳು. ಹೋದ ವಾರದ ಅಂಟಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅವಳು ಅದನ್ನು ಯಾರಿಗೂ ಹೇಳಲಿಲ್ಲ, ಇನ್ನೊಂದು ತುತ್ತು ಸುತ್ತಿದಳು, ಇನ್ನೊಂದು, ಕೋಳಿ ಮುಗಿಯಿತು, ಅಣಬೆ ಮುಗಿಯಿತು, ಎದುರಿಗೆ ಗಂಡ ಸುಣ್ಣದ ಮುಖದಲ್ಲೇ ನಿಧಾನವಾಗಿ ಉಣ್ಣುತ್ತಿದ್ದ, ನೋವಿಲ್ಲದೆ ಒಂದೊಂದೇ ತುತ್ತು ಕೆಳಗಿಳಿಯುವುದು ಅವನ ಗಂಟಲಿನಲ್ಲಿ ಕಾಣಿಸುತ್ತಿತ್ತು.

ತಟ್ಟೆಯ ಅಂಚಿನದನ್ನು ಬೆರಳಿನಿಂದ ಬಳಿದು ನಾಲಿಗೆಗಿಟ್ಟುಕೊಂಡು, ಅವಳು ಥಟ್ಟನೆ ತಲೆ ಎತ್ತಿದಳು.

"ಏ ಸು, ಇದು ಕೆನೆ ಅಲ್ಲ. ಡಬ್ಬಿ ಸೂಪು."

ಸುವಿನ ಮುಖ ಕೆಂಪಾಯಿತು. "ಸ್ವಲ್ಪ ಡಬ್ಬೀದು, ಸ್ವಲ್ಪ ಗಟ್ಟಿ ಹಾಲು, ಮಾಕ್ ಚಿಕ್. ಕೆನೆ ಹಾಕಿದ್ರೆ ಈ ರೇಟಿಗೆ ಹೇಗೆ ಕೊಡ್ಲಿ."

"ನಂಗೊತ್ತಿತ್ತು," ಎಂದಳು ಕಲ್ಸೋಮ್. ಎಷ್ಟೋ ದಿನಗಳಿಂದ ಇಲ್ಲದ ಸುಖ ಆ ದನಿಯಲ್ಲಿತ್ತು. ಹುಡುಕಿಕೊಂಡು ಬಂದ ಮೋಸ ಸಿಗಲಿಲ್ಲ ನಿಜ, ಬೇರೊಂದಾದರೂ ಸಿಕ್ಕಿತು. "ಡಬ್ಬೀಲಿ ಉಪ್ಪು ಎಷ್ಟಿರತ್ತೆ ಗೊತ್ತಾ? ಇವ್ರ ಹೊಟ್ಟೆಗೆ ಅದು ಆಗತ್ತೋ ಇಲ್ವೋ, ಯಾವ ಡಾಕ್ಟ್ರನ್ನ ಕೇಳಿದೀಯ? ಕೋಳಿ ಎಲುಬು ಬೇಯ್ಸಿದ ನೀರಲ್ಲಿ ಹಿಟ್ಟು ಕದಡಿದ್ರೆ ಸಾಕಾಗಲ್ವಾ?"

"ಸಾಕಾಗತ್ತೇನೋ, ನಾನು ಮಾಡಿ ನೋಡಿಲ್ಲ."

"ಮಾಡಿ ನೋಡಿಲ್ವಂತೆ."

"ಮನೇಲಿ ನೀನೇ ಮಾಡು ಹಾಗಾದ್ರೆ," ದೆರಾಮನ್ ಮೆಲ್ಲಗೆ ಎಂದ.

"ಮಾಡ್ದೆ ಬಿಡ್ತೀನಾ. ಆದ್ರೆ ನೀವು ಚೆನ್ನಾಗಿದೆ ಅಂದ್ರೆ ಇನ್ಮೇಲೆ ನಂಬಲ್ಲ ನಾನು. ತಟ್ಟೆ ನೋಡ್ತೀನಿ, ಮುಖ ನೋಡ್ತೀನಿ, ಮೆಟ್ಟಿಲ ಮೇಲೆ ಹೇಗೆ ಕೂತ್ಕೊಳ್ತೀರಿ ಅಂತ ನೋಡ್ತೀನಿ. ನಾಳೆ ಕ್ಲಿನಿಕ್ಕಿಗೂ ಜೊತೆಗೆ ಬರ್ತೀನಿ, ಆ ಡಾಕ್ಟ್ರು ಏನು ಹೇಳಿದ್ರು ಅಂತ ನನ್ನ ಕಿವಿಯಿಂದ ಕೇಳ್ಬೇಕು."

"ಬಾ."

"ಬೇಗ ಒಪ್ಕೊಂಡ್ರಿ. ಯಾಕೆ?"

ದೆರಾಮನ್ ತಟ್ಟೆ ಓರೆ ಮಾಡಿ ಬಳಿಯತೊಡಗಿದ. ಹುಡುಗಿಯರ ಗುಂಪೊಂದು ಗಲಗಲ ಎನ್ನುತ್ತ ಬಂದು ಸಾಲು ನಿಂತಿತು. ಸು ಓಡಿಹೋಗಿ ದೊಡ್ಡ ಬಾಣಲೆಗೆ ಎಣ್ಣೆ ಬಿಟ್ಟಳು. ಕಲ್ಸೋಮ್‌ಳ ಕಣ್ಣು ಆ ಕೈಯ ಹಿಂದೆಯೇ ಹೋಯಿತು. ಯಾವ ಡಬ್ಬಿ, ಎಷ್ಟು ಚಮಚ, ಯಾವುದನ್ನು ಯಾವಾಗ ಹಾಕುತ್ತಾಳೆ, ಹಾಲಿನ ಡಬ್ಬಿಯನ್ನು ಯಾಕೆ ಕೆಳಗೆ ಬಚ್ಚಿಡುತ್ತಾಳೆ, ಇಲ್ಲಿಂದ ಸರಿಯಾಗಿ ಕಾಣಿಸುತ್ತಿರಲಿಲ್ಲ, ನಡುವೆ ಹುಡುಗಿಯರ ಬೆನ್ನುಗಳು.

"ಬಾಂಗ್," ಎಂದಳು. "ಮುಂದಿನ ಗುರುವಾರ ಎಷ್ಟೊತ್ತಿಗೆ ಗಾಡಿ ತಂದು ನಿಲ್ಸ್ತಾಳೆ ಇವ್ಳು?"

"ಅಸರ್‌ಗೆ ಸ್ವಲ್ಪ ಮುಂಚೆ. ಯಾಕೆ?"

"ನಮಾಜ್ ಇಲ್ಲೇ ಪಕ್ಕದ ಮಸೀದೀಲಿ ಮಾಡಿದ್ರಾಯ್ತು. ನೀರು ಕುದಿಯೋಕೆ ಇಡೋ ಹೊತ್ತಿಗೆ ಬಂದು ಮುಂದಿನ ಮೇಜಲ್ಲಿ ಕೂತ್ಕೊಳ್ಳೋಣ, ಇಲ್ಲಿ ಅಲ್ಲ, ಇಲ್ಲಿಂದ ಏನೂ ಕಾಣಲ್ಲ. ಕಾಕ್ ತೀಜಾನೂ ಬರ್ಲಿ, ಅವ್ಳಿಗೂ ಬಿಸಿದು ಕೊಡ್ಸಿ ನೋಡ್ಬೇಕು ನಂಗೆ."